ಕುದುರೆಗಳ ನಡುವೆ ಒಂದು ಮಿನಿವ್ಯಾನ್

ಆ ಶನಿವಾರ ವುಡ್‌ವರ್ಡ್ ಅವೆನ್ಯೂವಿನಲ್ಲಿ ನನ್ನ ಮುಂದೆ ಫೋರ್ಡ್ ಕಂಪನಿಯ, ಕಾಡುಕುದುರೆಯ ಹೆಸರು ಹೊತ್ತ ಒಂದು ಕೆಂಪು ಮಸ್ಟ್ಯಾಂಗ್ ಕಾರು, ಹಿಂದೆ ಒಂದು ಕಪ್ಪು ಮಸ್ಟ್ಯಾಂಗ್, ಪಕ್ಕದಲ್ಲಿ ಎದೆ ನಡುಗುವಂತೆ ಕೆಮ್ಮುತ್ತಿದ್ದ ಹಳೆಯ ಪಾಂಟಿಯಾಕ್ ಜಿಟಿಓ ಕಾರು ಇದ್ದವು. ಇವುಗಳ ನಡುವೆ, ಜಂಬೂಸವಾರಿಯೊಳಗೆ ತಪ್ಪಿ ನುಗ್ಗಿದ ತರಕಾರಿ ಗಾಡಿಯಂತೆ, ನನ್ನ ಬೂದು ಬಣ್ಣದ ಮಿನಿವ್ಯಾನ್ ತೆವಳುತ್ತಿತ್ತು. ರಸ್ತೆಯ ಇಕ್ಕೆಲಗಳಲ್ಲಿ ಮಡಚುವ ಕುರ್ಚಿಗಳನ್ನು ಹಾಕಿಕೊಂಡು ಕುಳಿತಿದ್ದ ಜನ ಕೆಂಪು ಮಸ್ಟ್ಯಾಂಗಿಗೆ ಚಪ್ಪಾಳೆ ತಟ್ಟುತ್ತಿದ್ದವರು ನನ್ನ ವ್ಯಾನು ಎದುರಿಗೆ ಬಂದಾಗ ಕೈಗಳನ್ನು ಅರ್ಧದಲ್ಲಿಯೇ ನಿಲ್ಲಿಸಿ, ಕಪ್ಪು ಮಸ್ಟ್ಯಾಂಗ್ ಬಂದೊಡನೆ ಮತ್ತೆ ಮುಂದುವರಿಸುತ್ತಿದ್ದರು. ಹಿಂದಿನ ದಿನವಷ್ಟೇ ಆಚರಿಸಿದ ವರಮಹಾಲಕ್ಷ್ಮಿ ಹಬ್ಬದಲ್ಲಿ ಉಳಿದ ಇಪ್ಪತ್ತನಾಲ್ಕು ಒಬ್ಬಟ್ಟು, ಒಂದು ದೊಡ್ಡ ಡಬ್ಬಿ ಚಿತ್ರಾನ್ನ ಮತ್ತು ಮುಚ್ಚಳ ಸರಿಯಾಗಿ ಕೂರದ ಪಾತ್ರೆಯಲ್ಲಿ ಕೋಸಂಬರಿ ನನ್ನ ಹಿಂದಿನ ಸೀಟಿನಲ್ಲಿ ಪ್ರಯಾಣ ಮಾಡುತ್ತಿದ್ದವು. ಅವುಗಳಿಗಾಗಿ ಒಂದು ಮೈಲಿಯಾಚೆ ಕಾಯುತ್ತಿದ್ದ ಮಿತ್ರರು ಐದೈದು ನಿಮಿಷಕ್ಕೆ ಫೋನ್ ಮಾಡಿ, ಒಬ್ಬಟ್ಟು ಎಲ್ಲಿಯವರೆಗೆ ಬಂತು ಎಂದು ವಿಚಾರಿಸುತ್ತಿದ್ದರು. ನಾನು ಎಲ್ಲಿಯವರೆಗೆ ಬಂದೆನೆಂದು ಯಾರೂ ಕೇಳಲಿಲ್ಲ.

ತಪ್ಪು ನನ್ನದೇ. ಮಿಷಿಗನ್ ರಾಜ್ಯದ ಅನೇಕ ದೊಡ್ಡ ರಸ್ತೆಗಳಲ್ಲಿ ಎಡಕ್ಕೆ ಹೋಗಬೇಕಾದವನು ಮೊದಲು ಬಲಕ್ಕೆ ತಿರುಗಿ, ಒಂದಿಷ್ಟು ದೂರ ಸಾಗಿ, ನಡುವಿನ ಹುಲ್ಲುಪಟ್ಟಿಯ ಸಂದಿನಲ್ಲಿ ಹೊರಳಿ ಹಿಂದಕ್ಕೆ ಬರಬೇಕು. ಡೆಟ್ರಾಯಿಟ್ ಸೀಮೆಯಲ್ಲಿ ಹದಿನಾರು ವರ್ಷ ಕಳೆದಿರುವ ನನಗೆ ಇದು ಕಣ್ಣು ಮುಚ್ಚಿಕೊಂಡೂ ಬರುವ ವಿದ್ಯೆ. ಆದರೆ ವರ್ಷದಲ್ಲಿ ಒಂದು ದಿನ, ಆಗಸ್ಟಿನ ಮೂರನೆಯ ಶನಿವಾರ, ಈ ವಿದ್ಯೆ ಕೆಲಸಕ್ಕೆ ಬರುವುದಿಲ್ಲ. ಅಂದು ವುಡ್‌ವರ್ಡ್ ಡ್ರೀಮ್ ಕ್ರೂಸ್. 1995ರಲ್ಲಿ ಫರ್ನ್‌ಡೇಲ್ ಎಂಬ ಊರಿನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲೆಂದು ಆರಂಭಿಸಿದ ಈ ಕಾರುಗಳ ಮೆರವಣಿಗೆ ಈಗ ಪಾಂಟಿಯಾಕ್ ಪಟ್ಟಣದವರೆಗೂ ಹಬ್ಬಿಕೊಂಡು, ಬೇರೆ ಊರುಗಳಿಂದ ಟ್ರೈಲರ್‌ಗಳಲ್ಲಿ ಕಾರು ಹೇರಿಕೊಂಡು ಜನ ಬರುವಷ್ಟು ಬೆಳೆದಿದೆ. 2024ರ ಆ ಶನಿವಾರ ಹದಿಮೂರನೆಯ ಮೈಲಿ ರಸ್ತೆಯಿಂದ ಬಲಕ್ಕೆ ತಿರುಗಿದ ನಾನು ಹುಲ್ಲುಪಟ್ಟಿಯ ಸಂದಿಗೆ ಸೇರಬೇಕಾದರೆ ಮೂರು ಸಾಲು ಕಾರುಗಳನ್ನು ದಾಟಬೇಕಿತ್ತು. ಅರುವತ್ತು ವರ್ಷ ಬಣ್ಣ ಮಾಸದಂತೆ ಸಾಕಿಕೊಂಡಿರುವ ಕಾರಿನವನ ಬಳಿ, ಸ್ವಲ್ಪ ಸರಿಯಿರಿ ಎಂದು ಮಿನಿವ್ಯಾನಿನವನು ಕೇಳುವುದು ಹೇಗೆ?

ಅಷ್ಟು ಹೊತ್ತಿನ ತೆವಳುವಿಕೆಯಲ್ಲಿ ನನಗೆ ಒಂದು ವಿಷಯ ಸ್ಪಷ್ಟವಾಗಿ ಕಂಡಿತು. ಮೂರು ವಾರಗಳಿಂದ ನಾವು ನಾಲ್ವರು ಯಾವ ಕಾರಿನ ವೇಗದ ಬಗ್ಗೆ ಗಂಟಲು ಹರಿದುಕೊಂಡಿದ್ದೆವೋ ಅದೇ ಕಾರು ನನ್ನ ಕಣ್ಣ ಮುಂದೆ, ಒಬ್ಬ ಹುಡುಗ ಐಸ್‌ಕ್ರೀಮ್ ನೆಕ್ಕುತ್ತ ಪಕ್ಕದಲ್ಲಿ ನಡೆದು ಹಿಂದಿಕ್ಕುವಷ್ಟು ವೇಗದಲ್ಲಿ ಹೋಗುತ್ತಿತ್ತು.

ಜಗಳಕ್ಕೆ ಕಾರಣರಾದವರು ನಮ್ಮ ಹಾಸನದ ಮಿತ್ರರು. ಮಗಳು ಕಾಲೇಜಿಗೆ ಹೋದ ಮೇಲೆ ಮನೆಯಲ್ಲಿ ಉಂಟಾದ ನಿಶ್ಶಬ್ದವನ್ನು ತುಂಬಲು ಅವರು 2024ರ ಮಾದರಿಯ ನೀಲಿ ಮಸ್ಟ್ಯಾಂಗ್ ಜಿಟಿಯನ್ನು ಕೊಂಡರು. ಅಂದಿನಿಂದ ಶನಿವಾರ ಸಂಜೆ ಅವರ ಗ್ಯಾರೇಜಿನಲ್ಲಿ ಸಭೆ. ದಾವಣಗೆರೆಯವರ ಬಳಿ ಅದರ ಹಿಂದಿನ ಪೀಳಿಗೆಯ 2016ರ ಕಾರು ಇದೆ. ಆದ್ದರಿಂದ ಹೊಸದರಲ್ಲಿ ತಪ್ಪು ಹುಡುಕುವುದು ಅವರಿಗೆ ಸ್ವಾಭಿಮಾನದ ಪ್ರಶ್ನೆ. ಹಾಸನದವರ ನೆರೆಯ ಅಮೆರಿಕನ್ ಅಜ್ಜ 1966ರ ಮಸ್ಟ್ಯಾಂಗಿನ ಒಡೆಯರು. ಅವರ ದೃಷ್ಟಿಯಲ್ಲಿ ಇವೆರಡೂ ಮಸ್ಟ್ಯಾಂಗುಗಳೇ ಅಲ್ಲ. ನಾಲ್ಕನೆಯವನಾದ ನನ್ನ ಬಳಿ ಮಿನಿವ್ಯಾನ್ ಇದೆ, ಜೊತೆಗೆ ಅಭಿಪ್ರಾಯಗಳಿವೆ.

ಚಿಕ್ಕಂದಿನಲ್ಲಿ ಅಪ್ಪನ ಜೊತೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುತ್ತಿದ್ದೆ. ಒಂದು ಜೊತೆ ಹಳ್ಳಿಕಾರ್ ಹೋರಿಗಳ ಸುತ್ತ ಕೊಳ್ಳುವವರು ಇಬ್ಬರಿದ್ದರೆ ನೋಡುವವರು ಇಪ್ಪತ್ತು ಮಂದಿ. ಒಬ್ಬ ಬಾಯಿ ಬಿಡಿಸಿ ಹಲ್ಲು ಎಣಿಸುವನು, ಇನ್ನೊಬ್ಬ ಬೆನ್ನಿನ ಸುಳಿ ನೋಡಿ ತಲೆಯಾಡಿಸುವನು, ಮತ್ತೊಬ್ಬ ನಾಲ್ಕು ಹೆಜ್ಜೆ ನಡೆಸಿ ಗೊರಸಿನ ಸದ್ದು ಆಲಿಸುವನು, ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವರು. ಎಲ್ಲರಿಗಿಂತ ಜೋರಾಗಿ ತೀರ್ಪು ಕೊಡುವವನ ಮನೆಯಲ್ಲಿ ಕೊಟ್ಟಿಗೆಯೇ ಇರುತ್ತಿರಲಿಲ್ಲ. ಹಾಸನದವರ ಗ್ಯಾರೇಜಿನಲ್ಲಿ ಆ ಖಾಲಿ ಸ್ಥಾನವನ್ನು ನಾನು ತುಂಬಿದೆ.

ಮೊದಲ ಜಗಳ ಮುಖದ್ದು. 2018ರಲ್ಲಿ ಮಸ್ಟ್ಯಾಂಗಿನ ಮೂತಿಯನ್ನು ತಗ್ಗಿಸಿ ದೀಪಗಳ ಆಕಾರ ಬದಲಿಸಿದಾಗ ಅಭಿಮಾನಿಗಳಲ್ಲಿ ಅನೇಕರು ಅದನ್ನು ಅಳುಮೋರೆ ಎಂದಿದ್ದರು. 2024ರ ಮುಖ ಚೌಕಾಕಾರಕ್ಕೆ ತಿರುಗಿ ಗಂಭೀರವಾಗಿದೆ. ಮೂರು ಗೆರೆಗಳ ಹಿಂದೀಪ ಮಾತ್ರ ಹಾಗೆಯೇ ಉಳಿದಿದೆ. ಹಾಸನದವರು ಇದನ್ನು ಪೌರುಷವೆಂದರೆ ದಾವಣಗೆರೆಯವರು ಹಲ್ಲುನೋವೆಂದರು. ಮುಖದ ವಿಚಾರದಲ್ಲಿ ಅಭಿಮಾನಿಗಳ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮಸ್ಟ್ಯಾಂಗಿನ ಎದುರಾಳಿಯಾದ ಶೆವ್ರೊಲೆ ಕಂಪನಿಯ 2019ರ ಕ್ಯಾಮರೋ ಎಸ್‌ಎಸ್‌ನ ಮೂತಿಗೆ ಅಡ್ಡಲಾಗಿ ದಪ್ಪನೆಯ ಕಪ್ಪು ಪಟ್ಟಿ ಬಂದಾಗ ಎದ್ದ ಗುಲ್ಲಿಗೆ, ಮರುವರ್ಷವೇ ಆ ಪಟ್ಟಿಗೆ ಕಾರಿನ ಬಣ್ಣ ಬಂತು. ಈ ಉದಾಹರಣೆಯನ್ನು ನಾನು ಹಿಂದಿನ ರಾತ್ರಿ ಓದಿಕೊಂಡು ಹೋಗಿ, ಆಗಲೇ ನೆನಪಾದಂತೆ ನಟಿಸಿ ಹೇಳಿದೆ.

ಎರಡನೆಯ ಜಗಳ ಹಿಂಬದಿಯದು, ಮತ್ತು ಅಲ್ಲಿಯೇ ನಾನು ಸಿಕ್ಕಿಬಿದ್ದೆ. ಎತ್ತಿನ ಗಾಡಿಯಲ್ಲಿ ಎರಡೂ ಚಕ್ರಗಳನ್ನು ಒಂದೇ ಇರಚಿ ಹಿಡಿದಿರುವುದರಿಂದ ಎಡ ಚಕ್ರ ಗುಂಡಿಗಿಳಿದರೆ ಬಲಗಡೆ ಕುಳಿತವನೂ ವಾಲುತ್ತಾನೆ. ಕೋಬ್ರಾ ಎಂಬ ಕೆಲವು ವಿಶೇಷ ಮಾದರಿಗಳನ್ನು ಬಿಟ್ಟರೆ, ಸುಮಾರು 50 ವರ್ಷ ಮಸ್ಟ್ಯಾಂಗಿನ ಹಿಂದಿನ ಚಕ್ರಗಳದ್ದೂ ಇದೇ ಒಂದು ಇರಚಿಯ ಸಂಸಾರ. 2015ರ ಮಾದರಿಯಲ್ಲಿಯೇ ಎರಡೂ ಚಕ್ರಗಳು ಬೇರೆ ಬೇರೆ ಸಸ್ಪೆನ್ಷನ್ ಪಡೆದು ಸ್ವತಂತ್ರವಾದವು. ತಿರುವಿನಲ್ಲಿ ಕಾರು ಈಗ ನೆಟ್ಟಗೆ ನಿಲ್ಲುತ್ತದೆ ಎಂದು ದಾವಣಗೆರೆಯವರು ಹೊಗಳಿದರು. ನೇರ ರಸ್ತೆಯಲ್ಲಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಓಡುವ ಕಾರಿಗೆ ತಿರುವಿನ ಚಿಂತೆಯೇಕೆ, ಗಟ್ಟಿಯಾದ ಒಂದೇ ಇರಚಿಯೇ ಸಾಕಲ್ಲ ಎಂದು ಅಜ್ಜ ಗುಡುಗಿದರು. ನಾನು ಅಜ್ಜನ ಪಕ್ಷ ವಹಿಸಿ, ನಮ್ಮೂರಿನ ಗಾಡಿ, ಇರಚಿ, ಅದಕ್ಕೆ ಹಾಕುವ ಹರಳೆಣ್ಣೆ, ಎಣ್ಣೆ ಆರಿದಾಗ ಹೊರಡುವ ಕಿರ್ರೆಂಬ ಸದ್ದು ಇವನ್ನೆಲ್ಲ ಇಂಗ್ಲಿಷಿನಲ್ಲಿ ಹತ್ತು ನಿಮಿಷ ವಿವರಿಸಿದೆ. ಅಜ್ಜ ಗಮನವಿಟ್ಟು ಕೇಳಿದರು. ಮುಂದಿನ ವಾರ ಅವರು ಹರಳೆಣ್ಣೆಯ ಒಂದು ಸಣ್ಣ ಬಾಟಲಿ ತಂದು, ಇದು ಕೂದಲಿಗೆಂದು ಬರೆದಿದೆ, ನಡೆಯುತ್ತದೆಯೇ ಎಂದು ಕೇಳಿದಾಗ ನಾನು ಗ್ಯಾರೇಜಿನ ಮಾಡನ್ನು ನೋಡುತ್ತ ನಿಲ್ಲಬೇಕಾಯಿತು.

ಶಕ್ತಿಯ ಚರ್ಚೆಯಲ್ಲಿ ನನ್ನ ತೊಂದರೆ ಇನ್ನೊಂದು ಬಗೆಯದು. ನಾನು ಹುಟ್ಟಿದ ದೊಡ್ಡಬಳ್ಳಾಪುರದ ಕಡೆ ಎಚ್‌ಪಿ ಎಂದರೆ ಪಂಪ್‌ಸೆಟ್. ಐದು ಎಚ್‌ಪಿ ಎಂದರೆ ಸಾಧಾರಣ ಸ್ಥಿತಿವಂತ, ಹತ್ತು ಎಚ್‌ಪಿ ಎಂದರೆ ಕೊಳವೆಬಾವಿ ಆಳವಾಯಿತೆಂದು ಅರ್ಥ. ಅಲ್ಲಿಯವರೆಗೆ ಸರ್ಕಾರ ಕರೆಂಟನ್ನು ಉಚಿತವಾಗಿ ಕೊಡುತ್ತದೆ, ಆಚೆಗೆ ಇಲ್ಲ. ಮಸ್ಟ್ಯಾಂಗ್ ಜಿಟಿಯ ಐದು ಲೀಟರ್ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ 2015ರಲ್ಲಿ 435 ಎಚ್‌ಪಿ ಕೊಡುತ್ತಿತ್ತು, 2018ರಲ್ಲಿ 460, ಈಗ 480. ಈ ಅಂಕಿಗಳನ್ನು ಹಾಸನದವರು ಮಂತ್ರದಂತೆ ಹೇಳುವಾಗ ನನ್ನ ತಲೆಯಲ್ಲಿ ತೊಂಬತ್ತಾರು ಪಂಪ್‌ಸೆಟ್ಟುಗಳು ಏಕಕಾಲಕ್ಕೆ ಚಾಲೂ ಆಗಿ ಇಡೀ ಹೋಬಳಿಯ ರಾಗಿ ಹೊಲಗಳು ನೀರಿನಲ್ಲಿ ಮುಳುಗುತ್ತಿದ್ದವು. ಆರು ವರ್ಷ ಕಾದು ಗಳಿಸಿದ್ದು ಇಪ್ಪತ್ತೇ ಎಚ್‌ಪಿ ಎಂದು ದಾವಣಗೆರೆಯವರು ಮೂದಲಿಸಿದಾಗ, ನಾಲ್ಕು ಪಂಪ್‌ಸೆಟ್ ಎಂದರೆ ಸಣ್ಣ ಮಾತೇ ಎಂದು ನಾನು ಬಾಯಿ ಹಾಕಿದೆ. ಹಾಸನದವರು ತಮಗೆ ಬೆಂಬಲ ಸಿಕ್ಕಿತೋ ಅವಮಾನವಾಯಿತೋ ತಿಳಿಯದೆ ಸುಮ್ಮನಾದರು.

ಹೊಸ ಕಾರಿನೊಳಗೆ ಮುಳ್ಳಿನ ಮೀಟರುಗಳಿಲ್ಲ, ದೊಡ್ಡ ಪರದೆಗಳಿವೆ. ಆದರೆ ಒಂದು ಆಯ್ಕೆಯನ್ನು ಒತ್ತಿದರೆ ಆ ಪರದೆಯ ಮೇಲೆ 1980ರ ದಶಕದ ಮಸ್ಟ್ಯಾಂಗಿನ ಮುಳ್ಳಿನ ಮೀಟರುಗಳದ್ದೇ ಚಿತ್ರ ಮೂಡುತ್ತದೆ, ರಾತ್ರಿಯಾದರೆ ಹಳೆಯ ಕಾಲದ ಹಸಿರು ಬೆಳಕಿನ ಸಮೇತ. ಒಲೆಯನ್ನು ತೆಗೆದುಹಾಕಿ, ಅದೇ ಜಾಗದಲ್ಲಿ ಒಲೆಯ ಕ್ಯಾಲೆಂಡರ್ ನೇತುಹಾಕಿದಂತೆ ನನಗೆ ಕಂಡಿತು. ಹಾಸನದವರಿಗೆ ಅದನ್ನು ನೋಡಿ ಕಣ್ಣು ತುಂಬಿ ಬಂತು. ಆ ದಶಕದಲ್ಲಿ ಅವರು ಅರಸೀಕೆರೆಗೆ ಬಸ್ಸಿನಲ್ಲಿ ಓಡಾಡುತ್ತಿದ್ದರು ಎಂಬುದನ್ನು ನಾನು ನೆನಪಿಸಲಿಲ್ಲ.

ಅಜ್ಜನ ವಾದಕ್ಕೆ ಮಾತ್ರ ಉತ್ತರ ಹುಡುಕುವುದು ಕಷ್ಟ. 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಮಸ್ಟ್ಯಾಂಗ್ ಕಾಣಿಸಿಕೊಂಡಾಗ ಅದರ ಬೆಲೆ 2,368 ಡಾಲರ್. ಒಳಗಿನ ಅಸ್ಥಿಪಂಜರವೆಲ್ಲ ಫಾಲ್ಕನ್ ಎಂಬ ಸಾಧು ಸಂಸಾರಿ ಕಾರಿನದು. ಎರಡು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ಕಾರುಗಳು ತಯಾರಾದವು. ಇದು ಮಸಲ್ ಕಾರೇ ಅಲ್ಲ, ಪೋನಿ ಕಾರು, ಅಂದರೆ ಕುದುರೆಮರಿ. ಮಸಲ್ ಎಂದರೆ ನಡುಗಾತ್ರದ ಕಾರಿಗೆ ದೊಡ್ಡ ಎಂಜಿನ್ ತುರುಕಿದ ಜಿಟಿಓದಂಥವು ಎಂದು ಅಜ್ಜ ಬಿಡಿಸಿ ಹೇಳುತ್ತಾರೆ. 1980ರ ದಶಕದಲ್ಲಿ ಫೋರ್ಡ್ ಕಂಪನಿಯು ಮುಂದಿನ ಚಕ್ರಗಳಿಂದ ಓಡುವ, ಜಪಾನಿನ ಮಜ್ದಾ ಬುಡದ ಕಾರನ್ನು ಮಸ್ಟ್ಯಾಂಗ್ ಮಾಡಹೊರಟಾಗ ಜನ ಕಟ್ಟುಗಟ್ಟಲೆ ಪತ್ರ ಬರೆದರು. ಆ ಕಾರು ಕೊನೆಗೆ ಪ್ರೋಬ್ ಎಂಬ ಬೇರೆ ಹೆಸರಿನಲ್ಲಿ ಹೊರಬಂತು. ತಾವೂ ಒಂದು ಪತ್ರ ಹಾಕಿದ್ದಾಗಿ ಅಜ್ಜ ಹೇಳುತ್ತಾರೆ. ಕ್ಯಾಮರೋ ಮತ್ತು ಡಾಡ್ಜ್ ಕಂಪನಿಯ ಚಾಲೆಂಜರ್ ಎರಡೂ 2023ರ ಡಿಸೆಂಬರಿನಲ್ಲಿ ಉತ್ಪಾದನೆ ನಿಲ್ಲಿಸಿದ ಮೇಲೆ ಬೈಯಲು ಇದೊಂದೇ ಉಳಿದಿರುವುದರಿಂದ ಅವರು ಈಗ ಅದನ್ನು ಸ್ವಲ್ಪ ಮೃದುವಾಗಿ ಬೈಯುತ್ತಾರೆ ಎಂದು ನನ್ನ ಅನುಮಾನ.

ಅಂತೂ ಒಂದು ಮೈಲಿಗೆ ಐವತ್ತು ನಿಮಿಷ ತೆಗೆದುಕೊಂಡು, ರಾಯಲ್ ಓಕಿನ ಒಂದು ಅಂಗಡಿಯ ಪಾರ್ಕಿಂಗಿಗೆ ಒಬ್ಬಟ್ಟು ತಲುಪಿತು. ನೀಲಿ ಮಸ್ಟ್ಯಾಂಗ್, ದಾವಣಗೆರೆಯವರ ಬಿಳಿಯದು, ಅಜ್ಜನ 1966ರ ಕಡುಹಸಿರಿನದು ಸಾಲಾಗಿ ನಿಂತಿದ್ದವು. ನಾನು ವ್ಯಾನನ್ನು ಅವುಗಳ ಹಿಂದೆ, ಮದುವೆ ಫೋಟೋದಲ್ಲಿ ನಿಲ್ಲುವ ಅಡುಗೆಭಟ್ಟರಂತೆ ನಿಲ್ಲಿಸಿದೆ. ಹಾಸನದವರು ನೆರೆದಿದ್ದವರಿಗೆ ಹೊಸ ಕಾರಿನ ಚಮತ್ಕಾರವೊಂದನ್ನು ತೋರಿಸುತ್ತಿದ್ದರು. ಕಾರಿನೊಳಗೆ ಯಾರೂ ಇಲ್ಲದಿದ್ದರೂ ಕೀಲಿಯ ಗುಂಡಿಗಳನ್ನು ಒತ್ತಿದರೆ ಎಂಜಿನ್ ಚಾಲೂ ಆಗಿ, ಮತ್ತೆ ಒತ್ತಿದರೆ ಹುಲಿಯಂತೆ ಗರ್ಜಿಸುತ್ತದೆ. ಪ್ರದರ್ಶನ ಮುಗಿಸಿ, ಎಂಜಿನ್ ಗುರುಗುಡುತ್ತಿರುವಾಗಲೇ ಫೋಟೋ ತೆಗೆಯಲೆಂದು ಕೀಲಿಯನ್ನು ನನ್ನ ಕೈಗಿತ್ತು ಅವರು ಆಚೆ ಹೋದರು. ಆ ಕೈಯಲ್ಲಿ ಆಗಲೇ ನನ್ನ ವ್ಯಾನಿನ ಕೀಲಿಯಿತ್ತು.

ಊಟಕ್ಕೆ ಹೊತ್ತಾಯಿತೆಂದು ವ್ಯಾನಿನ ಜಾರುಬಾಗಿಲು ತೆರೆಯಲು ಗುಂಡಿ ಒತ್ತಿದೆ. ಮಸ್ಟ್ಯಾಂಗ್ ಗರ್ಜಿಸಿತು. ಯಾರೋ ಕಿಡಿಗೇಡಿಗಳು ಎಂದುಕೊಂಡು, ಬಾಗಿಲು ತೆರೆಯದ್ದರಿಂದ ಇನ್ನೊಮ್ಮೆ ಒತ್ತಿದೆ. ಇನ್ನೊಮ್ಮೆ ಗರ್ಜಿಸಿತು. ಅದರ ಬಾನೆಟ್ಟಿಗೆ ಒರಗಿ ದೀಪದ ಆಕಾರವನ್ನು ಹೀಯಾಳಿಸುತ್ತಿದ್ದ ದಾವಣಗೆರೆಯವರು ಹಾರಿ ಮೂರಡಿ ಆಚೆ ನಿಂತರು. ಒಂದು ಸಣ್ಣ ನಾಯಿ ತನ್ನ ಯಜಮಾನಿಯನ್ನು ಎಳೆದುಕೊಂಡು ಹೊರಟಿತು. ಅಜ್ಜನ ಕೈಯಲ್ಲಿದ್ದ ನಿಂಬೆ ಪಾನಕ ಅವರ ಅಂಗಿಯ ಮೇಲೆ ಬಿತ್ತು. ಕೀಲಿಯ ಬ್ಯಾಟರಿ ಹೋಗಿರಬೇಕೆಂದು ತೀರ್ಮಾನಿಸಿದ ನಾನು ತೋಳನ್ನು ಎತ್ತರಕ್ಕೆ ಚಾಚಿ, ವ್ಯಾನಿನ ಕಡೆ ಗುರಿಯಿಟ್ಟು, ಪೂರ್ತಿ ಬಲದಿಂದ ಮೂರನೆಯ ಬಾರಿ ಒತ್ತಿದೆ. ಆಮೇಲೆ ಪಾರ್ಕಿಂಗಿನಲ್ಲಿದ್ದವರೆಲ್ಲ ನನ್ನ ತೋಳನ್ನೇ ನೋಡುತ್ತಿರುವುದು ಅರಿವಿಗೆ ಬಂತು.

ಹಾಸನದವರು ಓಡಿಬಂದು ಏನೂ ಮಾತಾಡದೆ ಕೀಲಿ ಕಸಿದುಕೊಂಡರು. ಮಾತು ಮರೆಸಲೆಂದೋ ಏನೋ, ಅಂಗಿ ಒರೆಸಿಕೊಳ್ಳುತ್ತಿದ್ದ ಅಜ್ಜ, ನಿನ್ನ ಈ ವ್ಯಾನಿಗೆ ಎಷ್ಟು ಎಚ್‌ಪಿ ಎಂದು ಕೇಳಿದರು. ಇಷ್ಟು ವರ್ಷದಿಂದ ಓಡಿಸುತ್ತಿದ್ದರೂ ಆ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ದಾವಣಗೆರೆಯವರು ಫೋನಿನಲ್ಲಿ ಹುಡುಕಿ, 280 ಎಂದು ಓದಿದವರು, ತಪ್ಪು ಓದಿರಬಹುದೆಂದು ಮತ್ತೊಮ್ಮೆ ಓದಿದರು. ಅಜ್ಜನ 1966ರ ವಿ8 ಎಂಜಿನಿಗೆ 200. ಅದೂ ಆ ಕಾಲದ ಲೆಕ್ಕ. 1972ಕ್ಕಿಂತ ಮೊದಲು ಎಂಜಿನ್ನನ್ನು ಬೆಂಚಿನ ಮೇಲಿಟ್ಟು, ಹೊರೆಯನ್ನೆಲ್ಲ ಕಳಚಿ ಅಳೆಯುತ್ತಿದ್ದರೆಂದು ಅಜ್ಜ ತಾವಾಗಿಯೇ ಒಪ್ಪಿಕೊಂಡರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾಲ್ವರೂ ತಿರುಗಿ, ಹಿಂಬದಿಯಲ್ಲಿ ಕೂತಿದ್ದ ಬೂದು ವ್ಯಾನನ್ನು ಮೊದಲ ಬಾರಿಗೆ ಎಂಬಂತೆ ನೋಡಿದೆವು. ಮುಖ ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಅಜ್ಜ ಕೈ ಚಾಚಿ ನನ್ನ ಕೀಲಿಯನ್ನು ಕೇಳಿ ತೆಗೆದುಕೊಂಡು, ಗುಂಡಿ ಒತ್ತಿದರು. ವ್ಯಾನು ಗರ್ಜಿಸಲಿಲ್ಲ; ಕುಂಯ್ ಕುಂಯ್ ಎಂದು ಎರಡು ಬಾರಿ ಕೂಗಿ, ತನ್ನ ಪಕ್ಕದ ಬಾಗಿಲನ್ನು ನಿಧಾನವಾಗಿ ಹಿಂದಕ್ಕೆ ಸರಿಸಿತು. ಬಾಗಿಲಿಗೆ ಒರಗಿ ಕೂತಿದ್ದ ಕೋಸಂಬರಿಯ ಪಾತ್ರೆ ಅಷ್ಟೇ ನಿಧಾನವಾಗಿ ಹೊರಬಾಗಿ ನೆಲಕ್ಕೆ ಬಿದ್ದು, ಮುಚ್ಚಳ ಒಂದು ಕಡೆ, ಹೆಸರುಬೇಳೆ ಇನ್ನೊಂದು ಕಡೆ ಹೋದವು. ಪಕ್ಕದ ಸಾಲಿನಲ್ಲಿ ಮಡಚುವ ಕುರ್ಚಿಯಲ್ಲಿ ಕುಳಿತಿದ್ದ ಒಬ್ಬರು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದರು.