ಹೆತ್ತ ಮೇಲೆ ಅದೆಲ್ಲಾ ಇದ್ದಿದ್ದೇ!

ಮೊನ್ನೆ ಭಾನುವಾರ ನಮ್ಮ ದೊಡ್ಡಪ್ಪನ ಮಗನ ಮನೆಯಲ್ಲಿ ತೊಟ್ಟಿಲು ಶಾಸ್ತ್ರ. ಅಣ್ಣನ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ, ಮೂರು ತಿಂಗಳ ಕೂಸು. ಹಾಡು, ಆರತಿ, ಹೋಳಿಗೆ ಎಲ್ಲಾ ಚೆನ್ನಾಗಿತ್ತು. ಹೋಳಿಗೆ ವಿಷಯದಲ್ಲಿ ನಾನು ಸುಳ್ಳು ಹೇಳುವವಳಲ್ಲ, ನಿಮಗೆ ಗೊತ್ತು. ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ.

ಸಾಮ್ರಾಣಿ ಹೊಗೆ ಜಾಸ್ತಿಯಾಗಿ ಹುಡುಗಿ ಸೀನಿದಳು. ಎರಡನೇ ಸೀನು ಬರುವ ಮುಂಚೆಯೇ ಕೂಸನ್ನು ಪಕ್ಕದವರ ಕೈಗಿಟ್ಟು, ಹೊಸ ರೇಷ್ಮೆ ಸೀರೆಯ ನೆರಿಗೆ ಒಟ್ಟು ಹಿಡಿದುಕೊಂಡು ಒಳಗೆ ಓಡಿದಳು. ಗೋಡೆಗೊರಗಿ ಕೂತಿದ್ದ ಹಿರಿಯರೊಬ್ಬರು ನಕ್ಕು, "ಹೆತ್ತ ಮೇಲೆ ಅದೆಲ್ಲಾ ಇದ್ದಿದ್ದೇ ಬಿಡ್ರಮ್ಮ" ಅಂದರು. ಸುತ್ತ ಇದ್ದ ಹೆಂಗಸರೂ ನಕ್ಕರು. ಅವರಲ್ಲೂ ಅರ್ಧ ಜನ ಹುಷಾರಾಗಿ, ತೊಡೆ ಬಿಗಿ ಹಿಡಿದುಕೊಂಡೇ ನಗುತ್ತಿದ್ದರು ಅಂತ ನನ್ನ ಅನುಮಾನ.

ಇದ್ದಿದ್ದೇ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೊಲಿಗೆ ನೋವು ಇದ್ದಿದ್ದೇ. ಕೆಮ್ಮಿದರೆ ಸೀರೆ ಒದ್ದೆಯಾಗುವುದು ಇದ್ದಿದ್ದೇ. ಗರ್ಭಕೋಶ ಜಾರುವುದು ಇದ್ದಿದ್ದೇ. ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ "ನಡೆಯೋರಿಗೆ ಅದೆಲ್ಲಾ ಇದ್ದಿದ್ದೇ" ಅಂತ ಮನೆಯಲ್ಲೇ ಕೂರಿಸುತ್ತೇವಾ?

ನಾನೂ ಅವಳ ಹಿಂದೆ ರೂಮಿಗೆ ಹೋದೆ. ಸೀರೆ ಬದಲಿಸಿ, ಮಂಚದ ತುದಿಯಲ್ಲಿ ಕೂತಿದ್ದಳು. "ಅತ್ತೆ, ಇದು ಯಾವಾಗ ನಿಲ್ಲುತ್ತೆ?" ಅಂದಳು. ಇಕ್ಕಳ ಹಾಕಿ ಮಗು ತೆಗೆದಿದ್ದಾರೆ. ಅವತ್ತಿನಿಂದ ಹೀಗೇ. ಹಗಲೆಲ್ಲಾ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. ಹಾಲುಣಿಸುವ ತಾಯಿ! (ಅವಳಿಗೆ ಓದಿ ಹೇಳಿ, ಅವಳು ಹ್ಞೂಂ ಅಂದ ಮೇಲೇ ಇದನ್ನು ಹಾಕುತ್ತಿದ್ದೇನೆ. ಮನೆ ಯಾವುದು, ಊರು ಯಾವುದು ಅಂತ ದಯವಿಟ್ಟು ಕೆಳಗೆ ಪತ್ತೇದಾರಿಕೆ ಬೇಡ.)

ಆ ಮನೆಯಲ್ಲಿ ಬಾಣಂತನಕ್ಕೇನೂ ಕಡಿಮೆಯಿಲ್ಲ. ಬಾಣಂತಿ ಖಾರ, ಅಂಟಿನುಂಡೆ, ಎಣ್ಣೆ ನೀರು, ಹೊಗೆ, ಕಿವಿಗೆ ಹತ್ತಿ, ಸೊಂಟಕ್ಕೆ ಬಟ್ಟೆ. ಆಶಾ ಕಾರ್ಯಕರ್ತೆಯೂ ತಪ್ಪದೆ ಬಂದಿದ್ದಾರೆ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ 42 ದಿನದೊಳಗೆ ಆರು ಸಲ ಬರಬೇಕು ಅಂತ ನಿಯಮ. ಆರು ಸಲವೂ ಮಗುವಿನ ತೂಕ ಆಯಿತು, ಜ್ವರ ನೋಡಿದ್ದಾಯಿತು. ಅವರನ್ನು ಬೈಯುತ್ತಿಲ್ಲ, ಅವರಿಗೆ ಕೊಡುವ ಪುಡಿಗಾಸಿಗೆ ಅಷ್ಟು ಮಾಡುವುದೇ ದೊಡ್ಡದು. ಆದರೆ ಎಣ್ಣೆ ಹಚ್ಚುವ ಅಜ್ಜಿಯಿಂದ ಹಿಡಿದು ಡಾಕ್ಟರ್ ತನಕ ಒಬ್ಬರೂ "ಒದ್ದೆ ಆಗುತ್ತಾ ಮಗಳೇ?" ಅಂತ ಕೇಳಿಲ್ಲ. ಹೆರಿಗೆ ಆದ ಮೇಲಿನ ಪ್ರತಿ ಭೇಟಿಯಲ್ಲೂ ಮೂತ್ರ ಸೋರುತ್ತಾ, ಮಲ ಸರಿಯಾಗಿ ಹೋಗುತ್ತಾ, ಗಾಯ ಒಣಗಿದೆಯಾ ಅಂತ ತಾಯಿಯನ್ನು ಕೇಳಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಬರೆದಿಟ್ಟಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಅಂದರೆ ಕೇಳಬೇಕಾದವರ ಎದುರಿಗೇ ಮಲಗಿ ಎದ್ದು ಬರುತ್ತೇವೆ ನಾವೆಲ್ಲಾ.

ಈಗ ನನ್ನ ವಿಷಯ. 2014ರಲ್ಲಿ ಶಾಲೆ ಕೆಲಸ ಬಿಟ್ಟಾಗ "ಮಗು ನೋಡ್ಕೋಬೇಕು" ಅಂತ ನಿಮಗೆಲ್ಲಾ ಹೇಳಿದ್ದೆನಲ್ಲ, ಅದು ಸುಳ್ಳು.

ಹೆರಿಗೆಯಲ್ಲಿ ನನಗೆ ಹಿಂದಿನ ದ್ವಾರದ ಸ್ನಾಯುವರೆಗೂ ಹರಿದಿತ್ತು. ಡಾಕ್ಟರುಗಳು ಇದನ್ನು ನಾಲ್ಕು ದರ್ಜೆ ಮಾಡುತ್ತಾರೆ, ನನ್ನದು ಮೂರನೆಯದು. ಡಿಸ್ಚಾರ್ಜ್ ಕಾಗದದಲ್ಲಿ ಒಂದು ಸಾಲು ಬರೆದಿದ್ದರಂತೆ. ಯಾರೂ ಓದಿ ಹೇಳಲಿಲ್ಲ, ನಾನೂ ಓದಲಿಲ್ಲ. ಹೊಲಿಗೆ ಹಾಕಿದರು, ಮನೆಗೆ ಕಳಿಸಿದರು. ಆಮೇಲೆ ಗಾಳಿ ತಡೆಯಲು ಆಗುತ್ತಿರಲಿಲ್ಲ. ಎಂಟನೇ ಕ್ಲಾಸಿನ ನಲವತ್ತು ಹುಡುಗರ ಮುಂದೆ ನಿಂತು ವ್ಯಾಕರಣ ಹೇಳುವವಳಿಗೆ ಇದು ಎಂಥ ಶಿಕ್ಷೆ ಅಂತ ಯೋಚಿಸಿ. ಒಂದು ದಿನ ಕೊನೆ ಬೆಂಚಿನಿಂದ ನಗು ಕೇಳಿಸಿತು. ಮಾರನೇ ವಾರ ರಾಜೀನಾಮೆ ಕೊಟ್ಟೆ. ಮನೆಯವರಿಗೆ ಗ್ಯಾಸ್ಟ್ರಿಕ್ ಅಂತ ಹೇಳಿ ಓಮದ ನೀರು ಕುಡಿಯುತ್ತಿದ್ದೆ!

2017ರಲ್ಲಿ ಥೈರಾಯ್ಡ್ ತೋರಿಸಲು ಹೋದಾಗ ಅಲ್ಲಿದ್ದ ಡಾಕ್ಟರಮ್ಮ ಸುಮ್ನೆ, ಚೀಟಿ ಬರೆಯುತ್ತಲೇ ಕೇಳಿದರು: "ನಕ್ಕಾಗ, ಕೆಮ್ಮಿದಾಗ ಏನಾದ್ರೂ ತೊಂದರೆ ಇದೆಯೇನಮ್ಮಾ?" ನಾನು ಅಲ್ಲೇ ಅತ್ತುಬಿಟ್ಟೆ. ಹೊರಗೆ ಟೋಕನ್ ಹಿಡಿದು ಕೂತವರು ಏನಂದುಕೊಂಡರೋ. ಆಮೇಲೆ ಒಂದು ಸ್ಕ್ಯಾನ್, ಒಬ್ಬ ಫಿಸಿಯೋಥೆರಪಿಸ್ಟ್. ಮೂತ್ರ ತಡೆದು ಹಿಡಿಯುವ ಹಾಗೆ ಕೆಳಗಿನ ಸ್ನಾಯು ಬಿಗಿ ಮಾಡುವುದು, ಬಿಡುವುದು. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ, ಕಡಿಮೆ ಅಂದರೂ ಮೂರು ತಿಂಗಳು. ನಾನು ಎಂಟು ತಿಂಗಳು ಮಾಡಿದೆ. ಒಗ್ಗರಣೆ ಹಾಕುವಾಗ, ಬಸ್ಸಿಗೆ ಕಾಯುವಾಗ, ಅತ್ತೆಯವರ ಭಾಷಣ ಕೇಳುವಾಗ. ಮುಂದಿನ ಜೂನ್‌ಗೆ ಮತ್ತೆ ಶಾಲೆಗೆ ಸೇರಿದೆ. ಎಲ್ಲರಿಗೂ ವ್ಯಾಯಾಮದಲ್ಲೇ ಸರಿಹೋಗುವುದಿಲ್ಲ, ಕೆಲವರಿಗೆ ಆಪರೇಷನ್ ಬೇಕು. ಅದನ್ನು ನೋಡಿ ಹೇಳಲಿಕ್ಕಾದರೂ ಯಾರಾದರೂ ಕೇಳಬೇಕಲ್ಲ?

"ನಮ್ಮ ಕಾಲದಲ್ಲಿ ಒಂಬತ್ತು ಹೆತ್ತು ಮಾರನೇ ವಾರ ಗದ್ದೆಗೆ ಹೋಗ್ತಿದ್ವಿ" ಅನ್ನುವವರು ಈಗ ಬರುತ್ತಾರೆ. ಬನ್ನಿ. ನಮ್ಮಜ್ಜಿಯೂ ಗದ್ದೆಗೆ ಹೋದವರೇ. ಅದೇ ಅಜ್ಜಿ ಹಳೇ ಪಂಚೆ ಹರಿದು, ಮಡಿಸಿ, ಗರ್ಭಕೋಶ ಹೊರಗೆ ಬಾರದಂತೆ ಇಪ್ಪತ್ತು ವರ್ಷ ಕಟ್ಟಿಕೊಂಡಿದ್ದರು. ಅಮ್ಮ ಇದನ್ನು ನನಗೆ ಹೇಳಿದ್ದು ಅಜ್ಜಿ ಹೋದ ಮೇಲೆ, ಅದೂ ಪಿಸುಮಾತಿನಲ್ಲಿ. ಗರ್ಭಕೋಶ ಜಾರದಂತೆ ಒಳಗಿಡುವ ರಬ್ಬರಿನ ಒಂದು ರಿಂಗ್ ಹಾಕಿದ್ದರೆ ಆ ಪಂಚೆ ಬೇಕಾಗುತ್ತಿರಲಿಲ್ಲವೋ ಏನೋ.

ಮನೆಯಲ್ಲಿ ಕೂತ ಆ ವರ್ಷಗಳಲ್ಲಿ ಇದೇ ವಿಷಯ ಓದಿದ್ದೇ ಓದಿದ್ದು. ಇಥಿಯೋಪಿಯಾದ ಕತೆ ಆಗಲೇ ಸಿಕ್ಕಿದ್ದು. ಹೆರಿಗೆ ದಿನಗಟ್ಟಲೆ ನಿಂತುಹೋದರೆ ಮಗುವಿನ ತಲೆ ತಾಯಿಯ ಸೊಂಟದ ಮೂಳೆಗೆ ಒತ್ತಿ, ನಡುವೆ ಸಿಕ್ಕ ಮಾಂಸಕ್ಕೆ ರಕ್ತ ಹರಿಯದೆ ಕೊಳೆತು ಮೂತ್ರಕೋಶಕ್ಕೆ ತೂತು ಬೀಳುತ್ತದೆ. ಫಿಸ್ಟುಲಾ ಅಂತಾರೆ. ಹಗಲು ರಾತ್ರಿ ಸೋರುತ್ತಲೇ ಇರುತ್ತದೆ. ಹೆಚ್ಚಿನವರ ಮಗುವೂ ಉಳಿದಿರುವುದಿಲ್ಲ. ಕ್ಯಾಥರೀನ್ ಹ್ಯಾಮ್ಲಿನ್ ಮತ್ತು ಅವರ ಗಂಡ ರೆಜಿನಾಲ್ಡ್, ಇಬ್ಬರೂ ಡಾಕ್ಟರು, 1959ರಲ್ಲಿ ಆಸ್ಟ್ರೇಲಿಯಾದಿಂದ ಅಡಿಸ್ ಅಬಾಬಾಕ್ಕೆ ಹೋದರು. 1974ರಲ್ಲಿ ಇಂಥ ಹೆಂಗಸರಿಗೆಂದೇ ಆಸ್ಪತ್ರೆ ತೆರೆದರು. ಆಕೆ 2020ರಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ. ಅಲ್ಲಿಗೆ ರೋಗಿಯಾಗಿ ಬಂದ ಮಾಮಿತು ಗಾಶೆ ಎಂಬ ಹುಡುಗಿ, ಶಾಲೆಯ ಮುಖ ನೋಡದವಳು, ಹಾಸಿಗೆ ಸರಿ ಮಾಡುತ್ತಾ, ಆಪರೇಷನ್‌ಗೆ ಕೈ ಜೋಡಿಸುತ್ತಾ ಕಲಿತು, ತಾನೇ ಫಿಸ್ಟುಲಾ ಹೊಲಿಯುವ ಸರ್ಜನ್ ಆದಳು. ವಾಸಿಯಾಗಿ ಊರಿಗೆ ಹೊರಟವರಿಗೆ ಅಲ್ಲಿ ಹೊಸ ಬಟ್ಟೆ ಕೊಡುತ್ತಾರೆ. ನಾವೂ ಕೊಡುತ್ತೇವಪ್ಪ, ರೇಷ್ಮೆಯದೇ. ಅದರ ಕೆಳಗೆ ಏನಾಗಿದೆ ಅಂತ ಕೇಳುವುದಿಲ್ಲ ಅಷ್ಟೇ.

ಇದನ್ನೆಲ್ಲಾ ಫೇಸ್‌ಬುಕ್‌ನಲ್ಲಿ ಬರೆಯಬೇಕಾ ಅಂತ ಕೇಳುವವರಿಗೆ: ನಿಮ್ಮ ಮಂಡಿ ಆಪರೇಷನ್ ಫೋಟೋಗೆ ನಾನು ಲೈಕ್ ಕೊಟ್ಟಿದ್ದೇನೆ.

ಗುರುವಾರ ಹತ್ತೂವರೆಗೆ ಡಾಕ್ಟರ್ ಹತ್ತಿರ ಟೋಕನ್ ಹಾಕಿಸಿದ್ದೇನೆ. ಅಣ್ಣನಿಗೆ ಏನು ಹೇಳೋದು ಅಂತ ಅತ್ತಿಗೆ ಪೇಚಾಡುತ್ತಿದ್ದರು. ಕೊನೆಗೆ ಹುಡುಗಿಯೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಅಣ್ಣ ಸ್ವಲ್ಪ ಹೊತ್ತು ಟಿವಿ ನೋಡುತ್ತಾ ಕೂತಿದ್ದನಂತೆ. ಆಮೇಲೆ, ಕಾರಿನ ಸೀಟಿಗೆ ಏನಾದರೂ ಹಾಸಬೇಕಾ, ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಿಸಲಿ ಅಂತ ಕೇಳಿದನಂತೆ.