ನಾಲ್ಕನೇ ಘಾತದ ಟ್ರಾಫಿಕ್ಕು

ಬೆಂಗಳೂರಿನಲ್ಲಿ ಹೆಬ್ಬಾಳ ಎಷ್ಟು ದೂರ ಅಂತ ಕೇಳಿ ನೋಡಿ. "ಎಷ್ಟು ಗಂಟೆಗೆ ಹೊರಡ್ತೀರಿ?" ಅಂತ ತಿರುಗಿ ಕೇಳುತ್ತಾರೆ. ಕುಚೋದ್ಯ ಅಂದುಕೊಳ್ಳಬೇಡಿ, ಟ್ರಾಫಿಕ್ ಎಂಜಿನಿಯರುಗಳ ಸೂತ್ರವೂ ಹೆಚ್ಚು ಕಡಿಮೆ ಅದನ್ನೇ ಕೇಳುತ್ತದೆ.

ದಟ್ಟಣೆಯಲ್ಲಿ ಒಂದು ದಾರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಹೇಳಲು 1964ರಲ್ಲಿ ಅಮೆರಿಕದ ರಸ್ತೆ ಇಲಾಖೆ, ಬ್ಯೂರೋ ಆಫ್ ಪಬ್ಲಿಕ್ ರೋಡ್ಸ್, ಕೊಟ್ಟ ಸೂತ್ರ ಅದು. ರಸ್ತೆಗೆ ಬಂದ ವಾಹನಗಳನ್ನು ರಸ್ತೆಯ ತಾಕತ್ತಿನಿಂದ (ಅದು ಎಷ್ಟು ವಾಹನ ತಾಳುತ್ತದೋ ಆ ಸಂಖ್ಯೆಯಿಂದ) ಭಾಗಿಸಿ, ಉತ್ತರವನ್ನು ನಾಲ್ಕನೇ ಘಾತಕ್ಕೆ ಏರಿಸಿ (ಅಂದರೆ ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿ), 0.15ರಿಂದ ಗುಣಿಸಿ, ಒಂದು ಕೂಡಿಸಿ, ಅದರಿಂದ ಖಾಲಿ ರಸ್ತೆಯಲ್ಲಿ ಹಿಡಿಯುವ ಹೊತ್ತನ್ನು ಗುಣಿಸಬೇಕು, ಅಷ್ಟೇ. ತಮಾಷೆ ಇರುವುದು ಆ ನಾಲ್ಕರಲ್ಲಿ. ರಸ್ತೆ ಅರ್ಧ ತುಂಬಿದ್ದರೆ ತಡ ಆಗಿದ್ದು ಗೊತ್ತೇ ಆಗುವುದಿಲ್ಲ. ಪೂರ್ತಿ ತುಂಬಿದರೆ 20 ನಿಮಿಷದ ದಾರಿ 23 ನಿಮಿಷ, ಪರವಾಗಿಲ್ಲ ಅಲ್ವಾ? ತಾಕತ್ತಿನ ಎರಡರಷ್ಟು ಬಂದರೆ 68 ನಿಮಿಷ!

ಆದರೆ ನಮ್ಮ ರಸ್ತೆಯಲ್ಲಿ ವಾಹನ ಎಣಿಸುವುದೇ ಒಂದು ಕಷ್ಟ. ಅದಕ್ಕೆ ನಮ್ಮ ದೇಶದ ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆ, ಇಂಡಿಯನ್ ರೋಡ್ಸ್ ಕಾಂಗ್ರೆಸ್, ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ಇಳಿಸಿದೆ. ಹಳ್ಳಿಗಾಡಿನ ರಸ್ತೆಗಳಿಗಾಗಿ 1990ರಲ್ಲಿ ಮಾಡಿದ ಪಟ್ಟಿಯಲ್ಲಿ ಬೈಕು ಅಂದರೆ ಅರ್ಧ ಕಾರು, ಬಸ್ಸು ಮೂರು ಕಾರು, ಎತ್ತಿನಗಾಡಿ ಎಂಟು! ಎತ್ತುಗಳಿಗೆ ಇಷ್ಟು ಮರ್ಯಾದೆ ಬೇರೆ ಯಾವ ಸರ್ಕಾರಿ ಕಾಗದದಲ್ಲಿ ಸಿಕ್ಕಿದೆಯೋ ಕಾಣೆ. ರಾಂಗ್ ಸೈಡಲ್ಲಿ, ಫುಟ್‌ಪಾತ್ ಹತ್ತಿ ಬರುವ ಬೈಕಿಗೂ ಅದೇ ಅರ್ಧವೋ?

ಸೂತ್ರಕ್ಕೂ ಒಂದು ದೌರ್ಬಲ್ಯ ಇದೆ. ಎಷ್ಟು ಗಾಡಿ ತುರುಕಿದರೂ ಅದು ಏನೋ ಒಂದು ಸಮಯ ಹೇಳಿಬಿಡುತ್ತದೆ. ಸಿಲ್ಕ್ ಬೋರ್ಡಿನಲ್ಲಿ ಗಾಡಿಗಳು ನಿಂತೇ ಹೋಗುತ್ತವೆ, ನಿಂತ ಸಾಲು ಹಿಂದಿನ ಸಿಗ್ನಲ್ಲನ್ನೂ ನುಂಗುತ್ತದೆ ಅನ್ನುವುದೆಲ್ಲ ಅದಕ್ಕೆ ಗೊತ್ತಿಲ್ಲ.

ನನಗೆ ನಿಜವಾಗಿ ಚುಚ್ಚಿದ್ದು ಇನ್ನೊಂದು ಲೆಕ್ಕ. ಈ ಸೂತ್ರವನ್ನು ಸ್ವಲ್ಪ ಕೆದಕಿದರೆ ಹೊರಡುತ್ತದೆ: ದಟ್ಟಣೆಯಿಂದ ನನಗೆ 10 ನಿಮಿಷ ತಡವಾದರೆ, ನಾನು ರಸ್ತೆಗೆ ಇಳಿದಿದ್ದರಿಂದ ಉಳಿದವರಿಗೆಲ್ಲ ಸೇರಿ ಆಗುವ ತಡ 40 ನಿಮಿಷ. ಸರಿಯಾಗಿ ನಾಲ್ಕು ಪಟ್ಟು, ಆ ಹಾಳು ಘಾತದ ಕೃಪೆ. ನಾನು ಸುಮ್ನೆ ಕೂತು ಮುಂದಿನವನನ್ನು ಬೈಯುತ್ತಿರುತ್ತೇನೆ, ಹಿಂದಿನವರು ನನ್ನ ಬಾಬತ್ತಿನ 40 ನಿಮಿಷವನ್ನು ಸೆಕೆಂಡು ಸೆಕೆಂಡಾಗಿ ಹಂಚಿಕೊಂಡು ಕಟ್ಟುತ್ತಿರುತ್ತಾರೆ. ಇದರ ಬಿಲ್ಲನ್ನು ಗಾಡಿಯವನಿಗೇ ಕಳಿಸಬೇಕು ಅನ್ನುವುದು ಅರ್ಥಶಾಸ್ತ್ರಜ್ಞರ ವಾದ. ಲಂಡನ್ನಿನವರು 2003ರಿಂದ ಊರ ನಡುವೆ ಬರುವ ಕಾರುಗಳಿಂದ ದಟ್ಟಣೆ ಶುಲ್ಕ ವಸೂಲು ಮಾಡುತ್ತಲೇ ಇದ್ದಾರೆ. ಆದರೂ ದಾರಿ ತೋರಿಸುವ ನಕ್ಷೆಗಳ ಕಂಪನಿ ಟಾಮ್‌ಟಾಮ್ ಮಾಡಿದ 2022ರ ಟ್ರಾಫಿಕ್ ಪಟ್ಟಿಯಲ್ಲಿ, ಊರ ನಡುವೆ 10 ಕಿಲೋಮೀಟರ್ ಹೋಗಲು ಅತಿ ಜಾಸ್ತಿ ಹೊತ್ತು ಹಿಡಿದಿದ್ದು ಲಂಡನ್ನಿನಲ್ಲೇ. ಬೆಂಗಳೂರು ಒಂದು ಪೈಸೆ ಶುಲ್ಕ ಇಲ್ಲದೆ ಎರಡನೆಯ ಸ್ಥಾನದಲ್ಲಿತ್ತು.