ಪ್ರೀತಿಸಿ ಕೈಬಿಟ್ಟರೆ 10 ವರ್ಷ ಜೈಲು? ಹಾಗಿಲ್ಲ

ಗೋಣಿಕೊಪ್ಪ, ವಿರಾಜಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಹೊಸ ಕಾನೂನು ಬಂದಿದೆ, ಪ್ರೀತಿಸಿ ಕೈಬಿಟ್ಟವರಿಗೆ 10 ವರ್ಷ ಜೈಲು." ಇದು ತಪ್ಪು ತಿಳಿವಳಿಕೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ ಹೇಳುವುದೇ ಬೇರೆ. ಮದುವೆಯಾಗುವ ಉದ್ದೇಶವೇ ಇಲ್ಲದೆ ಮಾತು ಕೊಟ್ಟು, ಅಥವಾ ಬೇರೆ ಮೋಸದಿಂದ, ಹೆಣ್ಣಿನ ಜೊತೆ ದೈಹಿಕ ಸಂಬಂಧ ಬೆಳೆಸಿದರೆ ಅದು ಅಪರಾಧ. ಶಿಕ್ಷೆ 10 ವರ್ಷದ "ವರೆಗೆ", ಜೊತೆಗೆ ದಂಡ. ಮೋಸ ಮೊದಲಿನಿಂದಲೇ ಇತ್ತೇ ಎಂಬುದೇ ಇಲ್ಲಿ ಮುಖ್ಯ. ನಿಜವಾಗಿಯೂ ಮದುವೆಯಾಗಬೇಕೆಂದಿದ್ದು, ಆಮೇಲೆ ಮನೆಯವರು ಒಪ್ಪದೆಯೋ ಇಬ್ಬರಿಗೂ ಹೊಂದಾಣಿಕೆಯಾಗದೆಯೋ ದೂರವಾದರೆ ಅದು ನೋವಿನ ಸಂಗತಿ, ಅಪರಾಧವಲ್ಲ. ಸುಳ್ಳು ಭರವಸೆ ಬೇರೆ, ಉಳಿಸಿಕೊಳ್ಳಲಾಗದ ಮಾತು ಬೇರೆ ಎಂದು ಅತ್ಯಾಚಾರ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಸಂಬಂಧ ಬೇಡವೆಂದು ಹೊರನಡೆದ ಹುಡುಗಿಯ ಮೇಲೂ ಈ ಕಲಂ ಹಾಕಲು ಬರುವುದಿಲ್ಲ. ಹಾಗೆ ಹೆದರಿಸುವವರ ಮಾತು ದಯವಿಟ್ಟು ನಂಬಬೇಡಿ.

ನಿಜಕ್ಕೂ ಮೋಸಹೋಗಿದ್ದರೆ ಸುಮ್ಮನಿರಬೇಡಿ: ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ.